ಹೆಸ್ಕೇಲ್ ಸಂತೆ: ಖಾಲಿ ಬೀದಿಯ ಮೂರು ಫೋಟೋ

“ನಕಲಿ ಅಲ್ಲ. ಮೂರೂ ಅಸಲಿ.”

ಧನಲಕ್ಷ್ಮಿ ಭೂತಗನ್ನಡಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಪಿಂಗಾಣಿ ಅಂಗಡಿಯಲ್ಲಿದ್ದ ಇಬ್ಬರ ಮುಖವೂ ಒಟ್ಟಿಗೇ ಇಳಿಯಿತು.

“ಇನ್ನೊಂದ್ಸಲ ನೋಡಿ ಮೇಡಂ,” ಎಂದರು ಶ್ರೀರಾಮಪ್ಪ. ಎಪ್ಪತ್ತರ ಆಳು, ಸಂತೆ ವ್ಯಾಪಾರಿಗಳ ಸಂಘದ ಅಧ್ಯಕ್ಷರು. ಕೆ.ಆರ್. ಪುರದ ಕಡೆಯಿಂದ ನಲವತ್ತು ವರ್ಷ ತರಕಾರಿ ತಂದು ಇದೇ ಬೀದಿಯಲ್ಲಿ ಮಾರಿದವರು. ಅವರ ಗಿರಿಜಾ ಮೀಸೆಯನ್ನು ಶಿವಾಜಿನಗರದಲ್ಲಿ ಗುರುತಿಸದವರಿಲ್ಲ.

“ನಾಲ್ಕು ಸಲ ನೋಡಾಯ್ತು. ಕೋರ್ಟ್ ಕಚೇರೀಲಿ ಕೂತು ಮೂಲ ಫೋಟೋಗಳನ್ನೇ ನೋಡ್ಕೊಂಡು ಬಂದಿದ್ದೀನಿ. ಕಾಗದ ಆ ಕಾಲದ್ದೇ. ಬೆನ್ನ ಮೇಲಿನ ಶಾಯಿ ಆ ಕಾಲದ್ದೇ. ತಾರೀಕು ಬರೆದ ಕೈಯೂ ಒಂದೇ.”

“ಹಂಗಾದ್ರೆ ನಾವು ಸೋತ್ವಿ ಅನ್ನಿ.”

ಅಂಗಡಿಯ ಒಡತಿ ನಾಜಿಶ್ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಸೋಮವಾರ ಕೋರ್ಟಿನಲ್ಲಿ ವಿಚಾರಣೆ. ಪಕ್ಕದ ಹಳೆಯ ಬಂಗಲೆಯನ್ನು ಕೊಂಡ ಕಟ್ಟಡದ ಕಂಪನಿಯೊಂದು ಈ ಬೀದಿಯೂ ತನ್ನದೇ ಎನ್ನುತ್ತಿತ್ತು. ಇಲ್ಲಿ ಸಂತೆ ಇದ್ದದ್ದು, ಅದನ್ನು ಯಹೂದಿಯೊಬ್ಬ ಕಟ್ಟಿದ್ದು ಎಲ್ಲ ಕಟ್ಟುಕಥೆ, ಈಗಿರುವ ಅರವತ್ತು ಜನ ಒತ್ತುವರಿದಾರರು ಎಂಬುದು ಅದರ ವಾದ. ಆ ವಾದ ಸುಳ್ಳು ಎಂದು ತೋರಿಸಬಲ್ಲ ಹಳೆಯ ಫೋಟೋ ಆಲ್ಬಮ್ ಮೂರು ವಾರದ ಹಿಂದೆ, ಒಂದು ಶುಕ್ರವಾರದ ನಮಾಜಿನ ಹೊತ್ತಿನಲ್ಲಿ, ಬೀಗ ಹಾಕಿದ್ದ ನಾಜಿಶಳ ಅಂಗಡಿಯಿಂದ ಕಾಣೆಯಾಗಿತ್ತು. ಬೀಗ ಮುರಿದಿರಲಿಲ್ಲ.

ಮೊನ್ನೆ ಕಂಪನಿಯ ವಕೀಲರು ಮೂರು ಫೋಟೋ ಹಾಜರುಪಡಿಸಿದ್ದರು. ಮೂರರಲ್ಲೂ ಇದೇ ಬೀದಿ. ಕಲ್ಲುಚಪ್ಪಡಿ, ದೀಪದ ಕಂಬ, ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಒಂದರಲ್ಲಿ ಬೀದಿಯ ನಡುವೆ ಮಲಗಿದ ನಾಯಿ. ನೆರಳು ನೋಡಿದರೆ ಬೆಳಗಿನ ಹತ್ತು ಗಂಟೆ ಇರಬೇಕು. ಒಂದು ನರಪಿಳ್ಳೆ ಇಲ್ಲ, ಒಂದು ಬುಟ್ಟಿ ಇಲ್ಲ.

ಬೆನ್ನಲ್ಲಿ ತಾರೀಕುಗಳು. 5 ನವೆಂಬರ್ 1927. 14 ಮಾರ್ಚ್ 1931. 18 ಆಗಸ್ಟ್ 1934.

ಕಂಪನಿ ಅವುಗಳ ಜೊತೆಗೆ ಪ್ರಮಾಣಪತ್ರವನ್ನೂ ಕೊಟ್ಟಿತ್ತು: ಇವು ಅಸಲಿ, ಇದೇ ಬೀದಿಯವು, ಒಂದಿಷ್ಟೂ ತಿದ್ದಿಲ್ಲ.

“ಮೇಡಂ, ಒಂದ್ಮಾತು.” ಶ್ರೀರಾಮಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. “ನೀವು ದೊಡ್ಡೋರು. ಇಪ್ಪತ್ತೆಂಟು ವರ್ಷ ಪೊಲೀಸರಿಗೆ ಕಾಗದಪತ್ರ ಪರೀಕ್ಷೆ ಮಾಡ್ಕೊಟ್ಟೋರು. ನಿಮ್ ಮಾತನ್ನ ಜಡ್ಜು ತೆಗೆದುಹಾಕಲ್ಲ. ‘ಅನುಮಾನ ಇದೆ’ ಅಂತ ಒಂದೇ ಒಂದು ಸಾಲು ಬರೆದುಬಿಡಿ. ಅಷ್ಟು ಸಾಕು.”

“ಅನುಮಾನ ಇಲ್ವಲ್ಲ ಶ್ರೀರಾಮಪ್ಪನೋರೆ.”

“ಅರವತ್ತು ಸಂಸಾರ ತಾಯಿ.”

“ಗೊತ್ತು. ನಮ್ಮಜ್ಜಿ ಸೊಪ್ಪು ಮಾರಿದ್ದೂ ಇದೇ ಬೀದೀಲಿ. ಹಾಗಂತ ಸುಳ್ಳು ಬರೆಯೋಕಾಗುತ್ತಾ?”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು.

ಹಲಸೂರಿನ ಧನಲಕ್ಷ್ಮಿಯ ಮನೆಯವರು ಒಂದು ಕಾಲಕ್ಕೆ ಕೆರೆಯ ಹಿಂದೆ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆಯುತ್ತಿದ್ದವರು. ಅಜ್ಜಿ ಮುನಿಲಕ್ಷ್ಮಮ್ಮ ಕೋಳಿ ಕೂಗುವ ಮುಂಚೆ ಎದ್ದು ಬುಟ್ಟಿ ಹೊತ್ತು ಇಲ್ಲಿಗೆ ನಡೆದು ಬರುತ್ತಿದ್ದಳು. ಅಜ್ಜಿಯ ಬಾಯಲ್ಲಿ ಈ ಬೀದಿಗೆ ಬೇರೆ ಹೆಸರಿರಲಿಲ್ಲ. ‘ಸಾಯೇಬರ ಸಂತೆ’, ಅಷ್ಟೆ. ಯಾವ ಸಾಹೇಬ, ಯಾವ ದೇಶದವನು ಎಂದು ಧನಲಕ್ಷ್ಮಿ ಕೇಳಿದವಳಲ್ಲ. ಕೇಳುವ ವಯಸ್ಸು ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ.

“ನಾಜಿಶ್, ನಿಮ್ ದಾದಾ ಹೇಳಿದ್ದನ್ನ ಇನ್ನೊಂದ್ಸಲ ಹೇಳು. ಮೊದಲಿಂದ.”

“ಎಷ್ಟು ಸಲ ಅಕ್ಕಾ?”

“ನಂಗೆ ಬೇಕಾದ್ದು ಸಿಗೋವರೆಗೂ.”

ನಾಜಿಶ್ ತಟ್ಟೆಯನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟಳು. ಅವಳ ತಾತ ಹುಡುಗನಾಗಿದ್ದಾಗಲೇ ಈ ಅಂಗಡಿಗೆ ಕೆಲಸಕ್ಕೆ ಸೇರಿದವನು. ಆಗಿದು ಆ ಯಹೂದಿ, ಹೆಸ್ಕೇಲ್ ಸಾಹೇಬರ ಅಂಗಡಿ. ಸಾಹೇಬರ ಮನೆಯವರು ದೇಶ ಬಿಡುವಾಗ ಅಂಗಡಿಯನ್ನೂ ಆಲ್ಬಮ್ಮನ್ನೂ ಆ ತಾತನ ಕೈಗೇ ಇಟ್ಟು ಹೋಗಿದ್ದರು.

“ಸಾಹೇಬರು ಬಗ್ದಾದ್‌ನಿಂದ ಬೊಂಬಾಯಿಗೆ ಬಂದು, ಅಲ್ಲಿಂದ ರೈಲಲ್ಲಿ ದಂಡಿಗೆ, ಅಂದ್ರೆ ಈ ಕಂಟೋನ್ಮೆಂಟಿಗೆ ಬಂದ್ರಂತೆ. ಹೆಗಲ ಮೇಲೆ ಲೇಸು, ಗುಂಡಿ, ದಾರದ ಗಂಟು. ದೊರೆಸಾನಿಗಳ ಬಂಗಲೆ ಬಂಗಲೆ ತಿರುಗಿ ಮಾರಿದ್ರು. ಹತ್ತು ವರ್ಷಕ್ಕೆ ಈ ಅಂಗಡಿ ಆಯ್ತು, ಹಿಂದಿನ ಈ ಓಣಿಯೂ ಆಯ್ತು. ಒಂದಿನ ಬೆಳಗ್ಗೆ ಬಾಗಿಲು ತೆಗೀತಾರೆ, ರಸ್ತೇಲಿ ಸೊಪ್ಪಿನ ಹೆಂಗಸರನ್ನ ಪೇದೆಗಳು ಲಾಠೀಲಿ ತಳ್ತಿದ್ದಾರೆ. ದಂಡಿನ ರಸ್ತೇಲಿ ಕೂತು ಮಾರೋ ಹಾಗಿಲ್ಲ ಅಂತ. ಒಬ್ಬಳ ಬುಟ್ಟಿ ಮೋರಿಗೆ ಬಿತ್ತಂತೆ. ಸಾಹೇಬರು ಬರಿಗಾಲಲ್ಲೇ ಓಡಿ ಹೋಗಿ ಬುಟ್ಟಿ ಎತ್ಕೊಂಡು ಬಂದು ಈ ಓಣೀಲಿಟ್ರು. ‘ಇದು ನನ್ ಜಾಗ. ಇಲ್ಲಿ ಕೂತ್ಕೊಳ್ಳಮ್ಮ. ಯಾರು ಎಬ್ಬಿಸ್ತಾರೋ ನೋಡ್ತೀನಿ’ ಅಂದ್ರಂತೆ.”

“ಆಮೇಲೆ?”

“ಆಮೇಲೆ ಸಾಹೇಬರ ಜನರದ್ದು ಹನ್ನೆರಡು ಅಂಗಡಿ ಬಂತು. ಲೇಸು, ಗಡಿಯಾರ, ಚಾ ಸೊಪ್ಪು, ಖರ್ಜೂರ, ಗಾಜಿನ ದೀಪ. ಎಲ್ಲಾ ಯಹೂದಿಗಳೇ. ಅವರ ಮುಂದೆ ನೆಲದ ಮೇಲೆ ಹಲಸೂರು, ಬಾಣಸವಾಡಿ, ಲಿಂಗರಾಜಪುರದ ಹೆಂಗಸರು. ಒಂದೇ ಕಾನೂನು. ಬೆಳಗ್ಗೆ ಯಾರು ಮೊದಲು ಬರ್ತಾರೋ ಅವರಿಗೆ ಮುಂದಿನ ಜಾಗ. ಜಾತಿ ಕೇಳೋ ಹಾಗಿಲ್ಲ. ಕುಡಿಯೋಕೆ ಒಂದು ಹಂಡೆ, ಒಂದೇ ಲೋಟ. ‘ಆ ಲೋಟದಲ್ಲಿ ಕುಡಿಯಲ್ಲ ಅನ್ನೋನು ಬೇರೆ ಸಂತೆ ನೋಡ್ಕೊಳ್ಲಿ’ ಅಂದ್ರಂತೆ ಸಾಹೇಬರು. ನೂರು ವರ್ಷದ ಹಿಂದೆ ಅಕ್ಕಾ! ಈಗ್ಲೂ ಎಷ್ಟು ಕಡೆ ಆಗುತ್ತೆ ಹೇಳಿ?”

ಆ ಲೋಟದಲ್ಲಿ ಅಜ್ಜಿಯೂ ನೀರು ಕುಡಿದಿರಬೇಕು ಎಂದುಕೊಂಡಳು ಧನಲಕ್ಷ್ಮಿ.

ಅಷ್ಟರಲ್ಲಿ ಹೊರಗಿನಿಂದ ಆಂಜನಮ್ಮನ ಕೂಗು ಕೇಳಿತು. ಬೀದಿಯ ಬಾಯಲ್ಲಿ ಕೂತು ಸೊಪ್ಪು ಮಾರುವವಳು, ಫೋನಿನಲ್ಲಿ ಯಾರಿಗೋ ತಾಕೀತು ಮಾಡುತ್ತಿದ್ದಳು.

“ಸಾಯಂಕಾಲಾನೇ ಕಿತ್ತು ನೀರು ಚಿಮುಕ್ಸಿ ಇಟ್ಬುಡು. ಇವತ್ತು ಶುಕ್ರವಾರ ಕಣೋ! ನಾಳೆ ಡಬಲ್ ಮಾಲು ಬೇಕು ನಂಗೆ!”

ಧನಲಕ್ಷ್ಮಿ ತಲೆಯೆತ್ತಿದಳು.

ಶುಕ್ರವಾರ ಸಾಯಂಕಾಲ.

ಚಿಕ್ಕಂದಿನಲ್ಲಿ ಒಂದು ಶುಕ್ರವಾರ ಸಂಜೆ ಅವಳು ಹಿತ್ತಲಿನ ಮೆಂತ್ಯಕ್ಕೆ ಕೈ ಹಾಕಿದ್ದಳು. ಅಜ್ಜಿ ಕೈ ಮೇಲೆ ಪಟ್ಟನೆ ಹೊಡೆದಿದ್ದಳು. ಶುಕ್ರವಾರ ಸಂಜೆ ಸೊಪ್ಪು ಕೀಳಬಾರದು, ನಮ್ಮ ಮನೆ ಪದ್ಧತಿ ಅಲ್ಲ ಎಂದು. ಶನಿಮಹಾತ್ಮನಿಗೆ ಆಗಿಬರುವುದಿಲ್ಲವೇನೋ ಎಂದುಕೊಂಡು ಧನಲಕ್ಷ್ಮಿ ಸುಮ್ಮನಾಗಿದ್ದಳು. ಅಮ್ಮನೂ ಹಾಗೆಯೇ ನಂಬಿದ್ದಳು. ಮನೆಯಲ್ಲಿ ಯಾರೂ ಕಾರಣ ಕೇಳಿದವರಲ್ಲ.

ಶನಿದೇವರಿಗೂ ಮೆಂತ್ಯ ಸೊಪ್ಪಿಗೂ ಎಲ್ಲಿಯ ಸಂಬಂಧ? ಸೊಪ್ಪು ಕೀಳದಿದ್ದದ್ದು ಮಾರನೆಯ ದಿನ ಮಾರಲು ಸಂತೆಯೇ ಇರುತ್ತಿರಲಿಲ್ಲ ಎಂದು!

“ನಾಜಿಶ್! ಸಾಹೇಬರ ಕಾಲದಲ್ಲಿ ಸಂತೆಗೆ ರಜೆ ಯಾವತ್ತು?”

“ರಜೆನಾ? ಈಗ ಭಾನುವಾರ ಮಧ್ಯಾಹ್ನದ ಮೇಲೆ…”

“ಈಗಲ್ಲ. ಸಾಹೇಬರ ಕಾಲದಲ್ಲಿ.”

ನಾಜಿಶಳ ಹುಬ್ಬು ಗಂಟಿಕ್ಕಿತು. “ದಾದಾ ಹೇಳೋರು… ಶುಕ್ರವಾರ ಹೊತ್ತು ಮುಳುಗೋಕೆ ಮುಂಚೆ ಸಾಹೇಬರು ಗಂಟೆ ಹೊಡಿಸೋರು. ಎಲ್ಲರೂ ಎದ್ದುಬಿಡ್ಬೇಕು. ಆಮೇಲೆ ಭಾನುವಾರ ಬೆಳಗಿನ ಜಾವವೇ ಬಾಗಿಲು ತೆಗೀತಿದ್ದದ್ದು.” ಅವಳ ಮಾತು ನಿಂತಿತು. “ಶನಿವಾರ ಅವರ ದೇವರ ದಿನ. ಒಲೆ ಸಹ ಹಚ್ತಿರಲಿಲ್ಲ.”

“ನಮ್ ಕಾಲಕ್ಕೆ ಶನಿವಾರಾನೇ ಭರ್ಜರಿ ವ್ಯಾಪಾರ,” ಎಂದರು ಶ್ರೀರಾಮಪ್ಪ.

“ಅದಕ್ಕೇ ಯಾರಿಗೂ ಹೊಳೀಲಿಲ್ಲ.”

ಧನಲಕ್ಷ್ಮಿ ಫೋನಿನ ಕ್ಯಾಲೆಂಡರ್ ತೆರೆದು ವರ್ಷಗಳನ್ನು ಹಿಂದಕ್ಕೆ ತಳ್ಳಿದಳು. ಇದೇ ಉಪಾಯದಿಂದ ಅವಳು ನಕಲಿ ಉಯಿಲುಗಳನ್ನು ಹಿಡಿದದ್ದುಂಟು. ಭಾನುವಾರ ನೋಂದಣಿಯಾದ ಪತ್ರ, ಹಬ್ಬದ ದಿನ ಹಾಕಿದ ಮೊಹರು. ಕಳ್ಳನಿಗೆ ತಾರೀಕು ನೆನಪಿರುತ್ತದೆ, ವಾರ ನೆನಪಿರುವುದಿಲ್ಲ.

1927ರ ನವೆಂಬರ್ ಐದು. ಶನಿವಾರ.

1931ರ ಮಾರ್ಚ್ ಹದಿನಾಲ್ಕು. ಶನಿವಾರ.

ಮೂರನೆಯದನ್ನು ನೋಡುವ ಮುಂಚೆಯೇ ಅವಳಿಗೆ ನಗು ಬಂದಿತ್ತು. ಅದೂ ಶನಿವಾರವೇ.

“ಅಲ್ಲಾಹ್!” ನಾಜಿಶ್ ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ಬೆಳಗ್ಗೆ ಹತ್ತು ಗಂಟೆಗೆ ದಂಡಿನ ನಟ್ಟನಡುವೆ ಒಂದು ಬೀದಿ ಇಷ್ಟು ಖಾಲಿ ಯಾಕಿರುತ್ತೆ? ಯಾರೋ ನೇಮದಿಂದ ಮುಚ್ಚಿದ್ರೆ ಮಾತ್ರ. ಇಲ್ಲಿ ಸಂತೆ ಇರಲಿಲ್ಲ ಅಂತ ಹೇಳೋಕೆ ಈ ಫೋಟೋ ತಂದ್ರು. ಆದ್ರೆ ಈ ಫೋಟೋ ಹೇಳ್ತಿರೋದು, ಇಲ್ಲಿದ್ದದ್ದು ಯಹೂದಿಗಳ ಸಂತೆ ಅಂತ.”

“ಹಂಗಾದ್ರೆ ಗೆದ್ವಾ ಮೇಡಂ?” ಶ್ರೀರಾಮಪ್ಪ ಎದ್ದು ನಿಂತಿದ್ದರು.

“ಅರ್ಧ. ಬೀದಿ ಯಾರದ್ದು ಅನ್ನೋದು ಇದರಿಂದ ಗೊತ್ತಾಗಲ್ಲ. ಆದ್ರೆ ಇನ್ನೊಂದು ವಿಷಯ ಇದೆ. ಒಂದು ಫೋಟೋ ಶನಿವಾರದ್ದಾಗಿದ್ರೆ ಸರಿ. ಮೂರೂ ಶನಿವಾರ ಅಂದ್ರೆ ಯಾರೋ ಕೂತು ಆರಿಸಿದ್ದಾರೆ. ಬೆನ್ನ ಮೇಲೆ ಪೆನ್ಸಿಲಿನಲ್ಲಿ ಒಂಬತ್ತು, ಇಪ್ಪತ್ತಾರು, ಮೂವತ್ತೊಂಬತ್ತು ಅಂತಿದೆ. ನಾಲ್ಕು ಮೂಲೇಲೂ ಕಪ್ಪು ಕಾಗದದ ಎಳೆ ಅಂಟಿದೆ.”

“ನಮ್ ಆಲ್ಬಮ್ ಹಾಳೆ ಕಪ್ಪೇ!”

“ಅದೇ. ಆಲ್ಬಮ್ ಇನ್ನೂ ಎಲ್ಲೋ ಇದೆ ನಾಜಿಶ್. ಅದನ್ನ ಬಿಚ್ಚಿದ ಕೈ ಯಾವುದು ಅಂತ ನಂಗೆ ನಿನ್ನೆ ಫೋಟೋ ನೋಡಿದಾಗಲೇ ಅನುಮಾನ ಬಂದಿತ್ತು. ಅದು ಸುಳ್ಳಾಗ್ಲಿ ಅಂತ ಬೇಡ್ಕೊಂಡು ಇಷ್ಟು ಹೊತ್ತು ಇಲ್ಲಿ ಕೂತಿದ್ದೆ.”

ಅವಳು ಚೀಲವನ್ನು ಹೆಗಲಿಗೇರಿಸಿ ಹೊರಟಳು. ಯಾರ ಕೈ ಎಂದು ಇಬ್ಬರೂ ಕೇಳಿದರು. ಅವಳು ಹೇಳಲಿಲ್ಲ.

* * *

ಆಟೋ ಕೋಲ್ಸ್ ರಸ್ತೆ ದಾಟಿ ಪುಲಿಕೇಶಿನಗರದೊಳಗೆ ನುಗ್ಗುವಾಗ ನಾಲ್ಕೂಕಾಲು. ಮಸೀದಿ ರಸ್ತೆಯ ಹಿಂದಿನ ಓಣಿಯಲ್ಲಿ, ಬೇಕರಿಯೊಂದರ ಮಹಡಿಯ ಮೇಲೆ ಆರೋಗ್ಯಸ್ವಾಮಿಯವರ ಸ್ಟುಡಿಯೋ. ಧನಲಕ್ಷ್ಮಿ ಮರದ ಮೆಟ್ಟಿಲುಗಳನ್ನು ಹತ್ತಿದಳು.

ಎಪ್ಪತ್ತೈದು ದಾಟಿದ ಈ ಮನುಷ್ಯ ಅವಳ ಗುರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಫೋಟೋ ಎಂದರೇನು, ಬೆಳ್ಳಿ ಹೇಗೆ ಮಾಸುತ್ತದೆ, ಕಾಗದ ಹೇಗೆ ಮುಪ್ಪಾಗುತ್ತದೆ ಎಂದು ಅವರೇ ಕಲಿಸಿಕೊಟ್ಟಿದ್ದರು. ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ.

“ವಾ ಧನಮ್ಮಾ! ಏನು ಇಷ್ಟು ದಿನ ಆದ್ಮೇಲೆ? ಬಿಸಿ ಬನ್ನು ತರಿಸ್ಲಾ?”

“ಬೇಡ ಮೇಷ್ಟ್ರೇ.” ಅವಳು ಕೂರಲಿಲ್ಲ. ಫೋನಿನಲ್ಲಿ ಒಂದು ಚಿತ್ರವನ್ನು ದೊಡ್ಡದು ಮಾಡಿ ಅವರ ಮುಂದೆ ಹಿಡಿದಳು. “ಇದನ್ನ ನೋಡಿ. 1931ರ ಫೋಟೋ. ಬಲಮೂಲೆ ಹರಿದಿತ್ತು. ಯಾರೋ ಹಿಂದಿನಿಂದ ಕಾಗದ ಅಂಟಿಸಿ ಕೂಡಿಸಿದ್ದಾರೆ.”

ಮುದುಕರು ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡರು. “ಒಳ್ಳೇ ಕೆಲಸ.”

“ಬಹಳ ಒಳ್ಳೇ ಕೆಲಸ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ. ಗೋಂದು ಅಲ್ಲ, ಅಕ್ಕಿ ಗಂಜಿ. ಕಾಗದದ ಅಂಚನ್ನ ಕತ್ತರೀಲಿ ಕತ್ತರಿಸಿಲ್ಲ, ಒದ್ದೆ ಮಾಡಿ ಬೆರಳಲ್ಲಿ ಎಳೆದು ಹರಿದಿದ್ದಾರೆ. ಗೆರೆ ಕಾಣಬಾರ್ದು ಅಂತ. ಈ ಬೆಂಗಳೂರಲ್ಲಿ ಹೀಗೆ ಹರಿಯೋರು ಇಬ್ಬರೇ ಇಬ್ಬರು. ಒಬ್ಬಳು ನಾನು.”

ಕೆಳಗಿನ ಬೇಕರಿಯಲ್ಲಿ ಯಾರೋ ತಟ್ಟೆ ಬೀಳಿಸಿದ ಸದ್ದಾಯಿತು. ಆರೋಗ್ಯಸ್ವಾಮಿ ಕುರ್ಚಿಯ ಕೈಯನ್ನು ಹಿಡಿದುಕೊಂಡು ನಿಧಾನವಾಗಿ ಕೂತರು.

“ಹರಿದ ಫೋಟೋನ ಹಾಗೇ ಕೊಟ್ಟು ಕಳಿಸೋಕೆ ಮನಸ್ಸು ಬರ್ಲಿಲ್ಲ ಮಾ,” ಎಂದರು.

“ಕದ್ದ ಆಲ್ಬಮ್ ಅಂತ ಗೊತ್ತಿತ್ತಾ?”

“ಕದ್ದದ್ದಲ್ಲ.”

“ನಾಜಿಶ್ ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದಾಳೆ ಮೇಷ್ಟ್ರೇ! ಅರವತ್ತು ಸಂಸಾರ ಸೋಮವಾರ ಬೀದಿಗೆ ಬೀಳುತ್ತೆ. ಅವರ ಬೀದೀಲೇ ಅವರನ್ನ ಒತ್ತುವರಿದಾರರು ಅಂತಿದ್ದಾರೆ. ಆ ಫೋಟೋ ಕಿತ್ತುಕೊಟ್ಟ ಕೈ ನಿಮ್ಮದು. ಯಾರು ತಂದುಕೊಟ್ರು ಹೇಳಿ.”

“ಹೇಳಲ್ಲ.”

“ಕಂಪನಿಯವರಾ?”

“ಧನಮ್ಮಾ, ನನ್ನ ಕೂಗಾಡಿ ಹೆದರಿಸ್ಬೇಡ. ಮಾತು ಕೊಟ್ಟಿದ್ದೀನಿ.”

“ಮಾತು! ನಂಗೆ ನೀವು ಮೊದಲ ದಿನ ಹೇಳಿದ ಮಾತೇನು? ಕಾಗದಕ್ಕೆ ಮೋಸ ಮಾಡಿದ್ರೆ ದೇವರಿಗೆ ಮಾಡಿದ ಹಾಗೆ ಅಂತ.” ಅವಳು ಫೋನನ್ನು ಮೇಜಿನ ಮೇಲಿಟ್ಟಳು. “ಮೂವತ್ತು ವರ್ಷ ಅದನ್ನ ನಡೆಸಿಕೊಂಡು ಬಂದಿದ್ದೀನಿ. ಇವತ್ತು ಮಧ್ಯಾಹ್ನ ಕೂಡ.”

ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಎದ್ದು ಗೋಡೆಗೆ ಹತ್ತಿಸಿದ ಬೀರುವಿನ ಬಾಗಿಲು ತೆಗೆದರು. ಮಲ್ಲು ಬಟ್ಟೆಯಲ್ಲಿ ಸುತ್ತಿದ ದಪ್ಪದೊಂದು ಆಲ್ಬಮ್ಮನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟರು.

“ಹೆಸರು ಹೇಳಲ್ಲ. ಆದ್ರೆ ಇದನ್ನ ತೋರಿಸ್ಬೇಡ ಅಂತ ನಂಗೆ ಯಾರೂ ಹೇಳಿಲ್ಲ. ನೋಡು.”

ಧನಲಕ್ಷ್ಮಿ ಕೂತಳು.

ಮೊದಲ ಪುಟ ತೆರೆದಳು. ಅದೇ ಬೀದಿ. ಅದೇ ದೀಪದ ಕಂಬ. ಆದರೆ ಕಾಲಿಡಲು ಜಾಗವಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸರು, ಬೆಟ್ಟದಂತೆ ದಂಟಿನ ಸೊಪ್ಪು, ಕುಂಬಳಕಾಯಿ, ಮಲ್ಲಿಗೆಯ ಮೊರ. ಹಿಂದಿನ ಬಾಗಿಲಲ್ಲಿ ನೇತುಹಾಕಿದ ನೂರಾರು ಗಾಜಿನ ದೀಪಗಳು. ಉದ್ದ ನಿಲುವಂಗಿಯ ಮುದುಕನೊಬ್ಬ ಖರ್ಜೂರದ ಚೀಲದ ಪಕ್ಕ ನಿಂತು ಮಗುವೊಂದರ ಬಾಯಿಗೆ ಹಣ್ಣು ಹಾಕುತ್ತಿದ್ದಾನೆ. ಮಗುವಿನ ತಾಯಿ ಸೊಪ್ಪಿನವಳು, ನಗುತ್ತಿದ್ದಾಳೆ.

ಇನ್ನೊಂದು ಪುಟದಲ್ಲಿ ಹಂಡೆ. ಅದರ ಪಕ್ಕ ಸಾಲಾಗಿ ನಿಂತವರು. ಮುಂದೆ ಜುಟ್ಟಿನ ಬ್ರಾಹ್ಮಣ ಗುಮಾಸ್ತನೊಬ್ಬ, ಅವನ ಹಿಂದೆ ತಲೆಗೆ ಸಿಂಬಿ ಇಟ್ಟ ಕೂಲಿ ಹೆಂಗಸು, ಆಮೇಲೆ ಟೋಪಿಯ ಮುಸಲ್ಮಾನ, ಮತ್ತೆ ಯಾರೋ ಸಿಪಾಯಿ. ಲೋಟ ಒಂದೇ. ಹಂಡೆಯ ಹತ್ತಿರ ಮೊಣಕೈವರೆಗೆ ತೋಳು ಮಡಚಿದ ಗಡ್ಡದವರು ನಿಂತು ಸ್ವತಃ ನೀರು ಮೊಗೆದುಕೊಡುತ್ತಿದ್ದರು. ಹೆಸ್ಕೇಲ್ ಸಾಹೇಬರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಎಂಥ ಮನುಷ್ಯ, ಎಂದುಕೊಂಡಳು ಧನಲಕ್ಷ್ಮಿ. ಕಂಡರಿಯದ ಊರಿಗೆ ಗಂಟು ಹೊತ್ತು ಬಂದವನು. ಈ ಊರಿನವರೇ ಒಬ್ಬರಿಗೊಬ್ಬರು ಕೊಡದ ಜಾಗವನ್ನು ಕೊಟ್ಟು ಹೋದ.

ಪ್ರತಿ ಪುಟದಲ್ಲೂ ಅವಳು ಅಜ್ಜಿಯನ್ನು ಹುಡುಕಿದಳು. ಸಿಗಲಿಲ್ಲ. ಸೊಪ್ಪಿನ ಹೆಂಗಸರೆಲ್ಲರೂ ಅಜ್ಜಿಯ ಹಾಗೇ ಕಂಡರು.

“ಆಲ್ಬಮ್ ಹಾಳೆ ಪುಡಿ ಪುಡಿ ಆಗ್ತಿತ್ತು,” ಎಂದರು ಆರೋಗ್ಯಸ್ವಾಮಿ. “ಎಲ್ಲಾ ಸರಿ ಮಾಡಿ ಇವತ್ತು ಐದು ಗಂಟೆಗೆ ಕೊಡ್ಬೇಕು. ಕೊಟ್ಟೋರೇ ಬಂದು ತಗೊಂಡು ಹೋಗ್ತಾರೆ.”

ಗೋಡೆ ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷವಿತ್ತು.

“ಹಾಗಾದ್ರೆ ನಾನೂ ಕೂತಿರ್ತೀನಿ,” ಎಂದಳು ಧನಲಕ್ಷ್ಮಿ.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಮರದ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಒಂದು ಮೆಟ್ಟಿಲು, ನಿಲುಗಡೆ. ಇನ್ನೊಂದು ಮೆಟ್ಟಿಲು, ಮತ್ತೆ ನಿಲುಗಡೆ. ಕಂಪನಿಯ ವಕೀಲ ಇಷ್ಟು ನಿಧಾನಕ್ಕೆ ಹತ್ತುವವನಲ್ಲ.

ಬಾಗಿಲಲ್ಲಿ ಕಾಣಿಸಿದ್ದು ಒಬ್ಬ ಮುದುಕಿ. ಎಂಬತ್ತರ ಮೇಲಾಗಿರಬೇಕು. ಹೂವಿನ ಫ್ರಾಕು, ಮೇಲೊಂದು ಸ್ವೆಟರು, ಕೈಯಲ್ಲಿ ಊರುಗೋಲು.

“ಮಿಸ್ ರೇಚಲ್?” ಧನಲಕ್ಷ್ಮಿ ತಬ್ಬಿಬ್ಬಾದಳು. ಪುಲಿಕೇಶಿನಗರದ ಅರ್ಧ ಜನಕ್ಕೆ ಪಿಯಾನೋ ಕಲಿಸಿದ ಟೀಚರ್. ಎಲ್ಲರೂ ಅವರನ್ನು ಆಂಗ್ಲೋ-ಇಂಡಿಯನ್ ಎಂದೇ ತಿಳಿದಿದ್ದರು.

“ರಾಹೇಲ್,” ಎಂದರು ಮುದುಕಿ, ಏದುಸಿರು ಬಿಡುತ್ತ. “ರಾಹೇಲ್ ಹೆಸ್ಕೇಲ್. ಆ ಗಡ್ಡದೋನು ನಮ್ಮಜ್ಜ.”

“ನಿಮ್ ಮನೆಯೋರೆಲ್ಲ ದೇಶ ಬಿಟ್ಟು ಹೋದ್ರು ಅಂತ…”

“ಹೋದ್ರು. ನಂಗೆ ಇಲ್ಲೇ ಚೆನ್ನಾಗಿತ್ತು, ಉಳ್ಕೊಂಡೆ. ನೀನು ಯಾರು ಅಂತ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.” ಅವರು ಕುರ್ಚಿಗೆ ಕುಸಿದರು. “ನೀನೇ ತಾನೇ ಆ ಕಾಗದ ಪರೀಕ್ಷೆ ಮಾಡೋಳು? ಕೇಳು ಮತ್ತೆ. ನಿನ್ನ ಮುಖದ ತುಂಬಾ ಪ್ರಶ್ನೆ ಇದೆ.”

“ಬೀಗ ಮುರೀದೆ ಆಲ್ಬಮ್ ಹೇಗೆ ತಗೊಂಡ್ರಿ?”

“ಆ ಬೀಗ ನಮ್ಮಜ್ಜಂದೇ. ಅದಕ್ಕೆ ಬೀಗದ ಕೈ ಎರಡು. ಒಂದು ನಾಜಿಶ್ ತಾತನಿಗೆ ಕೊಟ್ರು. ಇನ್ನೊಂದು ನಮ್ಮಮ್ಮನ ಡಬ್ಬೀಲಿತ್ತು. ಶುಕ್ರವಾರ ಆ ಹುಡುಗಿ ಊಟಕ್ಕೆ ಮನೆಗೆ ಹೋದಾಗ ತೆಗೆದೆ, ತಗೊಂಡೆ, ಬೀಗ ಹಾಕ್ದೆ.”

“ಕೇಳಿದ್ರೆ ಅವಳೇ ಕೊಡ್ತಿದ್ಲು!”

“ಕೊಡ್ತಿದ್ಲು. ಆಮೇಲೆ ಕೋರ್ಟಲ್ಲಿ ವಕೀಲ ಕೇಳಿದ್ರೆ ಹಾಗೇ ಹೇಳಿಬಿಡ್ತಿದ್ಲು. ಸುಳ್ಳು ಬರಲ್ಲ ಅವಳಿಗೆ. ನಂಗೆ ಅವಳಿಗೂ ಗೊತ್ತಿರ್ಬಾರ್ದು ಅಂತಿತ್ತು.”

ಧನಲಕ್ಷ್ಮಿಗೆ ತಡೆಯಲಾಗಲಿಲ್ಲ. “ಆದ್ರೆ ಆ ಮೂರು ಫೋಟೋನ ಕಂಪನಿಗೆ ಯಾಕೆ ಕೊಟ್ರಿ? ನಿಮ್ಮಜ್ಜ ಕಟ್ಟಿದ್ದನ್ನ ನೀವೇ ಕೆಡವೋಕಾ?”

ರಾಹೇಲ್ ನಕ್ಕರು. ಹಲ್ಲು ಕೆಲವೇ ಉಳಿದಿದ್ದವು, ನಗು ಮಾತ್ರ ತುಂಟ ಹುಡುಗಿಯದು.

“ಅವರು ಹಳೇ ಫೋಟೋ ಬೇಕು ಅಂತ ಊರೆಲ್ಲಾ ಹುಡುಕ್ತಿದ್ರು. ನಾನೇ ಹೋದೆ. ಮುದುಕಿ, ಮನೆ ಖಾಲಿ ಮಾಡ್ತಿದ್ದೀನಿ, ಹೆಸ್ಕೇಲ್ ಬೀದಿ ಫೋಟೋ ಮೂರಿದೆ ಅಂದೆ. ಒಂದು ಸುಳ್ಳೂ ಹೇಳಿಲ್ಲ. ಖಾಲಿ ಬೀದಿ ನೋಡಿ ಆ ವಕೀಲನ ಬಾಯಲ್ಲಿ ನೀರು ಬಂತು. ಯಾವ ವಾರ ತೆಗೆದದ್ದು ಅಂತ ಅವನು ಕೇಳಲೇ ಇಲ್ಲ.”

“ಬೇಕಂತಲೇ ಶನಿವಾರದ್ದನ್ನ ಆರಿಸಿದ್ರಾ!”

“ಮತ್ತೆ? ಈಗ ಅವರೇ ಪ್ರಮಾಣ ಮಾಡಿ ಕೋರ್ಟಿಗೆ ಬರೆದುಕೊಟ್ಟಿದ್ದಾರೆ. ಇವು ಅಸಲಿ, ಇದೇ ಬೀದಿ, ತಿದ್ದಿಲ್ಲ ಅಂತ. ಇನ್ನು ಇದೇ ಆಲ್ಬಮಿನಿಂದ, ಇದೇ ಕೈ ಬರೆದ ಇನ್ನೊಂದು ಫೋಟೋ ನಾನು ಸೋಮವಾರ ಮೇಜಿನ ಮೇಲಿಟ್ರೆ, ಅದು ನಕಲಿ ಅನ್ನೋಕೆ ಅವರಿಗೆ ಬಾಯಿ ಎಲ್ಲಿದೆ?”

ಧನಲಕ್ಷ್ಮಿ ಮುದುಕಿಯನ್ನು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದಳು. ಮೂವತ್ತು ವರ್ಷದಲ್ಲಿ ಎಷ್ಟೋ ವಕೀಲರ ಜಾಣತನ ಕಂಡಿದ್ದಳು. ಪಿಯಾನೋ ಟೀಚರೊಬ್ಬರು ಅವರೆಲ್ಲರನ್ನೂ ಮೀರಿಸಿದ್ದರು.

“ಯಾವ ಫೋಟೋ ಅದು?” ಎಂದಳು ಮೆಲ್ಲಗೆ.

“ನಲವತ್ತೆಂಟನೇದು. ಕಟ್ಟಕಡೇದು. ಅಜ್ಜ ಸಾಯೋ ವರ್ಷ ಈ ಬೀದೀನ ಇಲ್ಲಿ ಕೂತು ಮಾರೋರಿಗೇ ಬರೆದುಕೊಟ್ರು. ಅವರು, ಅವರ ಮಕ್ಕಳು ಮರ್ಯಾದೆಯಿಂದ ಕೂತು ವ್ಯಾಪಾರ ಮಾಡೋವರೆಗೂ ಬೀದಿ ಅವರದ್ದು ಅಂತ. ಆ ಪತ್ರ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಆದ್ರೆ ಅಂದು ಅಜ್ಜ ಪತ್ರಾನ ಎದೆ ಮುಂದೆ ಬಿಚ್ಚಿ ಹಿಡ್ಕೊಂಡು ಫೋಟೋ ತೆಗೆಸಿದ್ರು. ಭೂತಗನ್ನಡಿ ಇಟ್ರೆ ಒಂದೊಂದು ಸಾಲೂ ಓದ್ಬಹುದು. ರುಜು, ಮೊಹರು, ಎಲ್ಲಾ.”

ಧನಲಕ್ಷ್ಮಿ ಮಧ್ಯಾಹ್ನ ಅರ್ಧ ಗೆಲುವು ಎಂದಿದ್ದಳು. ಉಳಿದರ್ಧ ಕೈಯಳತೆಯಲ್ಲಿತ್ತು.

ರಾಹೇಲ್ ಆಲ್ಬಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡು ಕೊನೆಯ ಪುಟವನ್ನು ತಿರುಗಿಸಿದರು.

ಕಪ್ಪು ಹಾಳೆಯ ಮೇಲೆ ಬಿಳಿ ಶಾಯಿಯಲ್ಲಿ 48 ಎಂದು ಬರೆದಿತ್ತು. ಅದರ ಕೆಳಗೆ ನಾಲ್ಕು ಮೂಲೆಯ ಗುರುತು. ಮಧ್ಯೆ ಏನೂ ಇರಲಿಲ್ಲ.

ಮುದುಕಿಯ ಕೈ ಆ ಖಾಲಿ ಜಾಗದ ಮೇಲೆ ಹಾಗೇ ನಿಂತಿತು. “ಆರೋಗ್ಯಂ,” ಎಂದರು. “ಇದು ಎಲ್ಲಿ?”

“ಅಯ್ಯೋ ಕಡವುಳೇ!” ಆರೋಗ್ಯಸ್ವಾಮಿ ಎದ್ದು ನಿಂತಿದ್ದರು. “ಮಾತಾ ಮೇಲಾಣೆ, ನಾನು ತೆಗೆದಿಲ್ಲ! ನಿನ್ನೆ ಮಧ್ಯಾಹ್ನ ಕೂಡ ಇತ್ತು. ನಾನೇ ಅಂಚು ಒತ್ತಿ ಇದೇ ಮೇಜಿನ ಮೇಲೆ ಒಣಗೋಕೆ ಬಿಟ್ಟಿದ್ದೆ.”

ಧನಲಕ್ಷ್ಮಿ ಹಾಳೆಯ ಮೇಲೆ ಬಾಗಿದಳು. ಎಡಮೂಲೆಯಲ್ಲಿ ಕಾಗದ ಸಿಬರೆದ್ದಿತ್ತು. ಹಬೆ ಹಿಡಿದು ನಿಧಾನವಾಗಿ ಬಿಡಿಸಿಲ್ಲ. ಉಗುರಿನಿಂದ ಎಬ್ಬಿಸಿ ಕಿತ್ತಿದ್ದಾರೆ.

“ನಿನ್ನೆ ಮಧ್ಯಾಹ್ನದಿಂದ ಈಚೆಗೆ ಇಲ್ಲಿಗೆ ಯಾರು ಬಂದಿದ್ರು ಮೇಷ್ಟ್ರೇ?”

“ಯಾರೂ ಇಲ್ಲ ಮಾ. ಈಗೆಲ್ಲಾ ಯಾರು ಬರ್ತಾರೆ ಸ್ಟುಡಿಯೋಗೆ? ಒಬ್ರೇ ಒಬ್ರು, ನಿನ್ನೆ ಸಾಯಂಕಾಲ. ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕು ಅಂದ್ರು. ತೆಗೆದು, ಪ್ರಿಂಟ್ ಹಾಕೋಕೆ ನಾನು ಒಳಗೆ ಹೋದೆ. ಹತ್ತು ನಿಮಿಷ ಆಗಿರ್ಬಹುದು. ಹೊರಗೆ ಬಂದು ನೋಡಿದ್ರೆ ಮನುಷ್ಯ ಇಲ್ಲ. ಫೋಟೋನೂ ಒಯ್ಯದೆ ಹೊರಟು ಹೋಗಿದ್ರು.”

“ಹೆಸರು?”

“ಕೇಳ್ಲಿಲ್ಲ. ನೋಡು, ಇಲ್ಲೇ ಇದೆ.”

ಅವರು ಮೇಜಿನ ಖಾನೆಯಿಂದ ಸಣ್ಣ ಕವರೊಂದನ್ನು ತೆಗೆದು ಬಗ್ಗಿಸಿದರು. ಎಂಟು ಚಿಕ್ಕ ಫೋಟೋಗಳು ಆಲ್ಬಮ್ಮಿನ ಖಾಲಿ ಪುಟದ ಮೇಲೆ ಜಾರಿ ಬಿದ್ದವು.

ಎಂಟರಲ್ಲೂ ಒಂದೇ ಮುಖ, ಮಧ್ಯಾಹ್ನ ‘ಅರವತ್ತು ಸಂಸಾರ ತಾಯಿ’ ಎಂದು ಬೇಡಿದ ಮುಖ. ಎಂಟರಲ್ಲೂ ಅದೇ ಗಿರಿಜಾ ಮೀಸೆ.